ಬಾಣ ನಿಲ್ಲುವ ಚೀಲ

ತುರ್ವಿಹಾಳ
16 ಜನವರಿ 2025

ಮೈ ಡಿಯರ್ ಪ್ರಿಯಾಂಕಾ,

ನಿನ್ನ ಪತ್ರ ನಿನ್ನೆ ಕೈಸೇರಿತು. ಐ ಆಮ್ ಇನ್ ರಿಸೀಪ್ಟ್ ಆಫ್ ಇಟ್. ಅಂಚೆಯವನು ಬಾಗಿಲಲ್ಲಿ ನಿಂತು, 'ಬ್ಯಾಂಕಿಂದಲ್ಲ, ವಿಮಾದವ್ರದಲ್ಲ, ಕೈಲೆ ಬರದದ್ದು ಬಂದದ ನೋಡ್ರಿ' ಎಂದು ನನಗಿಂತ ಹೆಚ್ಚು ಆಶ್ಚರ್ಯಪಟ್ಟ. ಫೋನ್ ಮಾಡಬೇಡ, ಹೇಳುವುದಿದ್ದರೆ ಬರೆ ಎಂದಿದ್ದೀಯ. ಆಗಲಿ. ನಾನು ನಿನ್ನ ಕೂಡ ಮಾತಾಡಲು ಶುರು ಮಾಡಿದರೆ ನಿನ್ನ ಸೋದರತ್ತೆ ಯಮನೂರಿ ಫೋನ್ ಕಸಿದುಕೊಳ್ಳುತ್ತಾಳೆ, ಆಮೇಲೆ ಅದು ನನ್ನ ಕೈಗೆ ಬರುವಷ್ಟರಲ್ಲಿ ನೀನು ಇಟ್ಟಿರುತ್ತೀಯ. ಅವಳಿಗೆ ಓದಲು ಬರುವುದಿಲ್ಲ. ಕಾಗದ ಒಳ್ಳೆಯ ಏರ್ಪಾಡು.

ಬೇಸಿಗೆ ರಜೆಗೂ ಹಾಸ್ಟೆಲ್‌ನಿಂದ ಮನೆಗೆ ಬರುವುದಿಲ್ಲ, ಜೂನಿನಲ್ಲಿ ಬಿಲ್ಲುಗಾರಿಕೆ ತಂಡದ ಆಯ್ಕೆ ಇದೆ, ಮನೆಯಲ್ಲಿ ಬಾಣ ಹೊಡೆಯಲು ಟಾರ್ಗೆಟ್ ಇಲ್ಲ ಎಂದು ಬರೆದಿದ್ದೀಯ. ದೀಪಾವಳಿಗೆ ಬರಲಿಲ್ಲ. ನಿಮ್ಮವ್ವನ ವರ್ಷದ ಕಾರ್ಯಕ್ಕೆ ಬಂದವಳು ಸಂಜೆಯ ಬಸ್ಸಿಗೇ ಹೊರಟೆ, ಎಡೆ ಹಿಡಿದ ಕೈಯೂ ಆರಿರಲಿಲ್ಲ. ಆಗೆಲ್ಲ ಕಾರಣ ಕೇಳಲಿಲ್ಲ. ಈಗ ನೀನೇ ಕಾರಣ ಬರೆದಿದ್ದೀಯ, ಅದು ಒಂದು ಉಪಕಾರ. ಟಾರ್ಗೆಟ್ ಇಲ್ಲದಿದ್ದರೆ ಟಾರ್ಗೆಟ್ ಮಾಡಿದರಾಯಿತು. ಎ ಪ್ರಾಬ್ಲಮ್ ಹ್ಯಾವಿಂಗ್ ಎ ಸಲ್ಯೂಶನ್. ಸಿಂಧನೂರಿನ ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಹೀಗೊಂದು ವಾಕ್ಯ ಹೇಳುತ್ತಿದ್ದರು, ಅಥವಾ ನಾನೇ ಈಗ ಮಾಡಿಕೊಂಡೆನೋ.

ಅಂಗಡಿಯದನ್ನು ತರುವುದು ನಮ್ಮ ಪಿಂಚಣಿಯ ಮಾತಲ್ಲ. ಮನೆಯಲ್ಲೇ ಮಾಡುವ ಬಗೆ ಇದ್ದರೆ ಬಿಲ್ಲು ಕಲಿಸುವ ನಿಮ್ಮ ಸುಕನ್ಯಾ ಮೇಡಂ ಅವರನ್ನು ಕೇಳಿ ಬರೆ. ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿ ಕುಳಿತವನು ನಾನು, ಕೈಕೆಲಸ ಬಾರದು. ಆದರೆ ಹಿತ್ತಲು ಉದ್ದವಿದೆ, ಹೊತ್ತೂ ಉದ್ದವಿದೆ. ನೀನು ಹೈಸ್ಕೂಲಿನಲ್ಲಿ ಹಿಡಿಯುತ್ತಿದ್ದ ಬಿದಿರಿನ ಬಿಲ್ಲು ಅಟ್ಟದ ಮೇಲಿದೆ. ನಾರಿ ಸಡಿಲಾಗಿದೆ, ಹೊಸದು ಕಟ್ಟಿಸುತ್ತೇನೆ.

ಹೋಪಿಂಗ್ ದಿಸ್ ಫೈಂಡ್ಸ್ ಯು ಇನ್ ಗುಡ್ ಹೆಲ್ತ್,

ನಿನ್ನ ಅಪ್ಪ,
ಮಾನಪ್ಪ


ಲಿಂಗಸುಗೂರು
27 ಜನವರಿ 2025

ಅಪ್ಪಾ,

ನೀನು ಕಷ್ಟಪಡಬೇಕಾಗಿಲ್ಲ. ಆದರೂ ಕೇಳಿದ್ದೀಯ ಎಂದು ಬರೆಯುತ್ತಿದ್ದೇನೆ.

ಮೇಡಂ ಮೂರು ಬಗೆ ಹೇಳಿದರು. ಹುಲ್ಲಿನ ಹಗ್ಗ ಹೊಸೆದು ನೀರಿನ ಕೊಡದ ಸಿಂಬಿಯ ಹಾಗೆ ಸುತ್ತುತ್ತ ಹೋಗಿ, ಸುತ್ತಿನಿಂದ ಸುತ್ತಿಗೆ ಹೊಲಿಯುವುದು. ಎರಡನೆಯದು, ರಟ್ಟಿನ ಪಟ್ಟಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಎರಡು ಹಲಗೆಗಳ ನಡುವೆ ಬಿಗಿಯುವುದು. ಮೂರನೆಯದು, ಗೊಬ್ಬರದ ಚೀಲಕ್ಕೆ ಹಳೆಯ ಬಟ್ಟೆ ಒತ್ತಿ ತುಂಬಿ ಬಾಯಿ ಹೊಲಿಯುವುದು. ಗುಂಡಿ, ಜಿಪ್ಪು, ಕೊಕ್ಕೆ ಒಂದೂ ಇರಬಾರದು, ಬಾಣದ ಮೊನೆ ಕೆಡುತ್ತದೆ. ಬಾಣ ಒಳಗೆ ನಿಲ್ಲಬೇಕು, ಎಳೆದರೆ ಬರಬೇಕು. ಎರಡೂ ಆಗಬೇಕು. ಹಿಂದೆ ಗೋಡೆ ಇರಲಿ, ಯಾರೂ ಓಡಾಡಬಾರದು.

ಅತ್ತೆ ಇನ್ನೂ ನಮ್ಮ ಮನೆಯಲ್ಲೇ ಇದ್ದಾಳೆಯೇ? ತನ್ನ ಮಗ ಹುಲಿಗೇಶನ ಮಾತು ಎತ್ತಿದಳೇ? ಕಾರ್ಯದ ದಿನ ಎಲ್ಲರ ಮುಂದೆ ನನ್ನನ್ನು 'ನನ್ನ ಸೊಸಿ' ಎಂದಳು. ನೀನು ಅಲ್ಲೇ ಕುಳಿತಿದ್ದೆ. ಅದರ ಬಗ್ಗೆ ನಿನ್ನ ಪತ್ರದಲ್ಲಿ ಏನೂ ಇಲ್ಲ.

ಪ್ರಿಯಾಂಕಾ


ತುರ್ವಿಹಾಳ
18 ಫೆಬ್ರವರಿ 2025

ಮೈ ಡಿಯರ್ ಪ್ರಿಯಾಂಕಾ,

ತಡವಾಯಿತು. ದಿ ಟಾರ್ಗೆಟ್ ವಾಸ್ ಈಟನ್ ಬೈ ದಿ ಬಫೆಲೋ. ಮೊದಲಿಂದ ಹೇಳುತ್ತೇನೆ.

ನೀನು ಬರೆದ ಮೂರರಲ್ಲಿ ಹುಲ್ಲಿನದೇ ಸುಲಭ ಎಂದುಕೊಂಡೆ. ಸುತ್ತ ಎಲ್ಲಿ ನೋಡಿದರೂ ನೆಲ್ಲಿನ ಗದ್ದೆಯಿರುವ ಊರಿನಲ್ಲಿ ಹುಲ್ಲಿಗೇನು ಬರ ಎಂದು. ಆದರೆ ಈಗ ಕೊಯ್ಲೆಲ್ಲ ಯಂತ್ರದ್ದು. ಅದು ಹುಲ್ಲನ್ನು ಕತ್ತರಿಸಿ ಪುಡಿ ಮಾಡಿ ಉಗುಳುತ್ತದೆ. ಅದನ್ನು ಹೊಸೆದರೆ ಹಗ್ಗ ಆಗುವುದಿಲ್ಲ, ಕೈ ಮಾತ್ರ ಕೆರೆಯುತ್ತದೆ. ಕುಡುಗೋಲಿನಿಂದ ಕೊಯ್ದ ಉದ್ದ ಹುಲ್ಲಿಗಾಗಿ ಕಾಲುವೆ ಕೊನೆಯ ತುಂಡು ಹೊಲಗಳವರೆಗೆ ಅಲೆದೆ. ಎರಡು ಹೊರೆ ಸಿಕ್ಕಿತು. ಹೊಸೆದೆ, ಸುತ್ತಿದೆ, ದಬ್ಬಣದಿಂದ ಹೊಲಿದೆ. ದಬ್ಬಣ ಎಷ್ಟು ಸಲ ಕೈಗೆ ಹೊಕ್ಕಿತೋ. ಗಾಡಿಯ ಗಾಲಿಯಷ್ಟು ಅಗಲದ ಸಿಂಬಿ ಆಯಿತು. ನಾನು ಮಾಡಿದ್ದು ಎಂದು ನನಗೇ ನಂಬಿಕೆ ಬರಲಿಲ್ಲ. ಹಿತ್ತಲ ಗೋಡೆಗೆ ಒರಗಿಸಿ, ಉಂಡು, ಸ್ವಲ್ಪ ಅಡ್ಡಾಗಿ ಬಂದು ನೋಡಿದರೆ, ಪಕ್ಕದ ಮನೆ ಗದ್ದೆಮ್ಮನ ಎಮ್ಮೆ ಹಗ್ಗ ಬಿಚ್ಚಿಕೊಂಡು ಬಂದು ಹೊರಗಿನ ಸುತ್ತಿನಿಂದ ಶುರು ಮಾಡಿ ನಟ್ಟನಡುವಿಗೆ ತಲುಪಿತ್ತು.

'ಎಂಥಾ ಎಮ್ಮಿ ಸಾಕೀಯವ್ವ' ಎಂದೆ.

'ಹುಲ್ಲು ಗೋಡಿಗೆ ಒರಗಿಸಿಟ್ರ ಅದು ಟಾರ್ಗೆಟ್ಟು ಅಂತ ಎಮ್ಮಿಗೆ ಹೆಂಗ ತಿಳೀಬೇಕು ಮಾನಪ್ಪಣ್ಣ? ಬೋರ್ಡು ಬರದು ಹಾಕಿದ್ದೇನು?' ಎಂದಳು ಗದ್ದೆಮ್ಮ. 'ಸುತಳಿ ಬ್ಯಾರೆ ತಿಂದಾದ. ಅದರ ಹೊಟ್ಟಿ ಕೆಟ್ರ ನಿನ್ನ ಹೆಸರ ಹೇಳಾಕಿ ನಾನು.'

ಯಮನೂರಿ ನಕ್ಕಳು. ಹೌದು, ಇದ್ದಾಳೆ. ನಡುವೆ ತನ್ನ ಊರು ಪಾಮನಕಲ್ಲೂರಿಗೆ ಹೋಗಿ ತೊಗರಿ ಬಡಿಸಿ ಮತ್ತೆ ಬಂದಳು. ನಿಮ್ಮವ್ವ ಹೋದಂದಿನಿಂದ ಎರಡು ಊರಿಗೂ ಹೀಗೇ ಓಡಾಡುತ್ತಿದ್ದಾಳೆ, ಅವಳ ಮೊಣಕಾಲೂ ನೆಟ್ಟಗಿಲ್ಲ. ಬೇಡ ಎಂದರೆ, 'ನೀ ಅನ್ನಕ್ಕಿಟ್ರ ಗಂಜಿ ಆಗ್ತದ, ಗಂಜಿಗಿಟ್ರ ಏನಾಗ್ತದ ಅಂತ ಹೇಳಾಕ ಬರಂಗಿಲ್ಲ' ಎನ್ನುತ್ತಾಳೆ. ಸುಳ್ಳಲ್ಲ.

ನೀನು ಕೇಳಿದ ಇನ್ನೊಂದು ವಿಷಯ. ಹುಲಿಗೇಶ ಹೋದ ವಾರ ಬಂದಿದ್ದ. ಕೊಯ್ಲಿನ ಯಂತ್ರ ಓಡಿಸುವ ಕೆಲಸ, ಮುಖವೆಲ್ಲ ಧೂಳು. ಬಂದವನು ನಮ್ಮ ನೀರಿನ ಮೋಟರ್ ಬಿಚ್ಚಿ ರಿಪೇರಿ ಮಾಡಿ ಕೊಟ್ಟು ಹೋದ. ಚಹಾ ಕುಡಿದನೇ ಹೊರತು ಊಟಕ್ಕೆ ನಿಲ್ಲಲಿಲ್ಲ. ಹುಡುಗ ಒಳ್ಳೆಯವನು. ಅದೇ ಕಷ್ಟ. ಉಳಿದದ್ದು ಇಸ್ ಅಂಡರ್ ಕನ್ಸಿಡರೇಶನ್.

ರಟ್ಟಿನದನ್ನು ನೋಡುತ್ತೇನೆ.

ನಿನ್ನ ಅಪ್ಪ,
ಮಾನಪ್ಪ


ತುರ್ವಿಹಾಳ
9 ಮಾರ್ಚ್ 2025

ಮೈ ಡಿಯರ್ ಪ್ರಿಯಾಂಕಾ,

ಉತ್ತರ ಬರಲಿಲ್ಲ. ಪರೀಕ್ಷೆಯ ಓದು ಇರಬಹುದು. ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ, ನನಗೆ ಬೇರೆ ಏನು ಕೆಲಸ.

ಸಿಂಧನೂರಿಗೆ ಹೋಗಿ ಕಿರಾಣಿ ಅಂಗಡಿಗಳ ಹಿಂದೆ ನಿಂತು ಬಿಸ್ಕತ್ತಿನ ಪೆಟ್ಟಿಗೆ, ಎಣ್ಣೆಯ ಪೆಟ್ಟಿಗೆ ಕೇಳಿ ಕೂಡಿಸಿದೆ. ಒಬ್ಬ, 'ಮನಿ ಬದಲಾಯಿಸಾಕತ್ತೀರೇನ್ರಿ' ಎಂದ. 'ಮಗಳು ಬರಾಕತ್ತಾಳ' ಎಂದೆ. ಅವನಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಬಸ್ಸಿನಲ್ಲಿ ರಟ್ಟಿನ ಹೊರೆ ಹತ್ತಿಸಲು ಕಂಡಕ್ಟರ್ ಜೊತೆ ಜಗಳ. ಮನೆಗೆ ಬಂದು ಪಟ್ಟಿ ಕೊಯ್ದು ಕೊಯ್ದು ಹೆಬ್ಬೆರಳ ಚರ್ಮ ಹೋಯಿತು. ಹಲಗೆಗೆ ತೂತು ಹಾಕಿಸಿ, ಉದ್ದ ಬೋಲ್ಟು ಬಿಗಿದು ನಿಲ್ಲಿಸಿದೆ.

ಪರೀಕ್ಷೆ ಮಾಡಬೇಕಲ್ಲ. ನಾನೇ ಬಿಲ್ಲು ಹಿಡಿದೆ. ನಗಬೇಡ. ಮೊದಲ ಬಾಣ ಗೋಡೆ ದಾಟಿ ಗದ್ದೆಮ್ಮನ ಮನೆಯ ಕಡೆ ಹೋಯಿತು. ಅವಳು ಅದನ್ನು ಹಿಡಿದುಕೊಂಡು ಬಂದು, 'ಎಮ್ಮಿ ಮ್ಯಾಲಿನ ಸಿಟ್ಟು ಇನ್ನಾ ಹೋಗಿಲ್ಲೇನು' ಎಂದಳು. ಆಮೇಲೆ ನೀನು ಬರೆದ ಮಾತು ನೆನಪಿಟ್ಟು, ಯಾರೂ ಓಡಾಡದ ಹೊತ್ತು ನೋಡಿ, ತೀರ ಹತ್ತಿರ ನಿಂತು ಹೊಡೆದೆ. ತಾಗಿತು. ನಿಂತಿತು. ಎಳೆದರೆ ಬರಲಿಲ್ಲ. ಒಂದು ಕಾಲು ಹಲಗೆಗೆ ಒತ್ತುಕೊಟ್ಟು ಎರಡೂ ಕೈಯಿಂದ ಎಳೆದೆ. ಬಾಣದ ಅರ್ಧ ನನ್ನ ಕೈಯಲ್ಲಿ, ಅರ್ಧ ಅಲ್ಲಿ, ನಾನು ನೆಲದ ಮೇಲೆ. ಯಮನೂರಿ ಓಡಿ ಬಂದು ಎಬ್ಬಿಸಿದಳು. ಹುಣಸೆ ಸೊಪ್ಪು ಕಾಸಿ ಸೊಂಟಕ್ಕೆ ಕಟ್ಟಿದಳು. ವಾರ ಮಲಗಿದ್ದೆ. ಎದ್ದು ನೋಡುವಷ್ಟರಲ್ಲಿ ನೆಲದಿಂದ ಗೆದ್ದಲು ಹತ್ತಿ ರಟ್ಟಿನೊಳಗೆ ಮನೆ ಮಾಡಿತ್ತು.

ಇನ್ನು ಚೀಲದ್ದೊಂದು ಉಳಿದಿದೆ. ದಣಿವಾಗಿದೆ. ಆದರೂ ರಜೆಗೆ ಇನ್ನೂ ದಿನಗಳಿವೆ.

ನಿನ್ನ ಅಪ್ಪ,
ಮಾನಪ್ಪ


ಲಿಂಗಸುಗೂರು
16 ಮಾರ್ಚ್ 2025

ಅಪ್ಪಾ,

ಸೊಂಟ ಹೇಗಿದೆ? ನೀನು ಬಿಲ್ಲು ಹಿಡಿಯಬೇಡ. ನಾರಿ ಬಿಡುವಾಗ ಮುಂಗೈಗೆ ಹೊಡೆಯುತ್ತದೆ, ನಿನಗೆ ಆ ಅಭ್ಯಾಸ ಇಲ್ಲ.

ಹೋದ ಪತ್ರದಲ್ಲಿ ಕೇಳಿದ್ದನ್ನು ಇನ್ನೊಮ್ಮೆ ಕೇಳುತ್ತೇನೆ. ಅತ್ತೆ ನನ್ನನ್ನು ಹುಲಿಗೇಶನಿಗೆ ಕೇಳಿದ್ದಾಳೆಯೇ? ಕೇಳಿದ್ದರೆ ನೀನು ಏನು ಹೇಳಿದೆ? ಅವನ ಮೇಲೆ ನನಗೆ ಸಿಟ್ಟಿಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಲುವೆ ದಾಟಿಸಿದವನು ಅವನು. ಆದರೆ ನನಗೆ ಈ ಮದುವೆ ಬೇಡ. ಈಗ ಬೇಡ ಎಂದಲ್ಲ, ಬೇಡ.

ನೀನು ಹೌದು ಎಂದಿರಲಿಕ್ಕಿಲ್ಲ, ಅದು ನನಗೆ ಗೊತ್ತು. ನೀನು ಏನೂ ಅಂದಿರಲಿಕ್ಕಿಲ್ಲ. ನನಗೆ ಅದರದೇ ಭಯ.

ಪ್ರಿಯಾಂಕಾ


ತುರ್ವಿಹಾಳ
30 ಮಾರ್ಚ್ 2025

ಮೈ ಡಿಯರ್ ಪ್ರಿಯಾಂಕಾ,

ಯುಗಾದಿಯ ಬೇವು ತಿಂದು ಬರೆಯುತ್ತಿದ್ದೇನೆ. ನೀನು ಅಲ್ಲಿ ತಿಂದೆಯೋ ಇಲ್ಲವೋ. ನಿನ್ನ ಪತ್ರ ಓದಿದೆ. ಎರಡು ಸಲ ಓದಿದೆ. ಅದಕ್ಕೆ ಬರುತ್ತೇನೆ. ಮೊದಲು ಮಸ್ಕಿಯ ಸುದ್ದಿ ಹೇಳಿಬಿಡುತ್ತೇನೆ.

ಚೀಲಕ್ಕೆ ಬಟ್ಟೆ ತುಂಬಿ ನಾನು ಮಾಡಿದ ಮೊದಲನೆಯದು ಹೊಟ್ಟೆಯುಬ್ಬಿದ ಕುರಿಯ ಹಾಗಾಯಿತು. ಕೋಲಿನಿಂದ ಚುಚ್ಚಿದರೆ ಆಚೆಗೇ ಹೊರಟಿತು. ಮಸ್ಕಿಯಲ್ಲಿ ಗಾದಿ ಹೊಲಿಯುವ ದಾವಲ್‌ಸಾಬ್ ನೆನಪಾದ. ನಿಮ್ಮವ್ವನ ಮದುವೆಯ ಗಾದಿ ಅವನ ಅಂಗಡಿಯದೇ. ಹೋದೆ. ಈಗ ಅರಳೆ ಹಿಂಜುವ ಕೆಲಸ ಕಡಿಮೆ, ಫೋಮಿನ ಹಾಸಿಗೆ ಮಾರುತ್ತಾನೆ. ಕೇಳಿ ಬಹಳ ಹೊತ್ತು ನಕ್ಕ.

'ಬಾಣ ಮಲಗಾಕ ಗಾದಿ ಬೇಕೇನ್ರಿ ಮಾನಪ್ಪೋರೆ? ನಲವತ್ತು ವರ್ಷದಾಗ ಇಂಥಾ ಗಿರಾಕಿ ಬಂದಿಲ್ಲ.'

'ಮಗಳಿಗೆ' ಎಂದೆ.

'ಮಗಳು ಬಾಣ ಹೊಡಿತಾಳಾ? ಮತ್ತ ಅಳಿಯ ಆಗಾವ ಹುಷಾರ್ ಇರ್ಬೇಕಲ್ರಿ.'

ನಾನೂ ನಕ್ಕೆ, ನಗು ಪೂರ್ತಿ ಬರಲಿಲ್ಲ. ಅವನು ಹೇಳಿದ್ದು ಇಷ್ಟು: ಒಮ್ಮೆಗೇ ತುಂಬಬಾರದು. ಒಂದು ಪದರ ಹಾಕು, ಒನಕೆಯಿಂದ ಕುಟ್ಟು, ಮತ್ತೊಂದು ಪದರ. ಚೀಲದೊಳಗೆ ಚೀಲ ಇರಲಿ. ಕೊನೆಗೆ ಗಾದಿಗೆ ಹಾಕಿದ ಹಾಗೆ ಅಲ್ಲಲ್ಲಿ ಆಚೆಯಿಂದ ಈಚೆಗೆ ಸುತಳಿ ಹಾಯಿಸಿ ಜಗ್ಗಿ ಕಟ್ಟು, ಹೊಟ್ಟೆ ಬರುವುದಿಲ್ಲ. ಅವನ ಅಂಗಡಿಯ ಹಳೆಯ ಗಾದಿಗಳ ಚಿಂದಿ ಒಂದು ಗಂಟು ಕೊಟ್ಟ. ದುಡ್ಡು ಮುಟ್ಟಲಿಲ್ಲ.

ಅದಕ್ಕೂ ಸಾಲಲಿಲ್ಲ. ಕುಟ್ಟಿದಂತೆ ಬಟ್ಟೆ ಎಲ್ಲಿಗೆ ಹೋಗುತ್ತದೋ. ನನ್ನ ಹಳೆಯ ಧೋತರ, ಅಂಗಿ ಗುಂಡಿ ಕಿತ್ತು ಹಾಕಿದೆ. ಯಮನೂರಿ ಒಳಗೆ ಹೋಗಿ ನಿಮ್ಮವ್ವನ ಟ್ರಂಕು ತೆಗೆದು, 'ಇವು ಯಾರು ಉಡ್ತಾರಣ್ಣಾ ಇನ್ನ' ಎಂದು ಸೀರೆ ಎರಡು ತಂದಳು. ನಾನು ಬೇಡ ಎಂದೆ. ಅವಳು ಸುಮ್ಮನೆ ಒಳಗಿಟ್ಟು ಬಂದಳು. ಅಷ್ಟೇ. ಇಷ್ಟು ಸಲೀಸಾಗಿ ಬೇಡ ಎನ್ನಬಹುದೆಂದು ನನಗೆ ಗೊತ್ತಿರಲಿಲ್ಲ. ಇದೇ ಬಿಸಿಯಲ್ಲಿ ಇನ್ನೊಂದನ್ನೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ರೊಟ್ಟಿ ತಟ್ಟಲು ಕುಳಿತಳು. ಒಲೆಯ ಮುಂದೆ ಕುಳಿತವಳಿಗೆ ಹೇಗೆ ಹೇಳುವುದು.

ಕೇಳಿದ್ದಾಳೆ, ಹೌದು. ಬಾಯಿ ಬಿಟ್ಟು ಅಲ್ಲ. 'ರಜಾಕ್ಕ ಹುಡುಗಿ ಬರ್ತಾಳಲ್ಲ, ಆವಾಗ ಎಲಿ ಅಡಕಿ ಹಿಡಿಯೂಣು' ಎಂದಳು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ನೋಡೋಣ ಎಂದೆನೇನೋ. ನೀನು ಬಾ. ಎದುರೆದುರು ಕುಳಿತರೆ ಎಲ್ಲ ಸರಿಹೋಗುತ್ತದೆ. ಬಾಯಿ ಹೊಲಿಯುವುದೊಂದು ಬಾಕಿ, ಟಾರ್ಗೆಟ್ ಈಸ್ ಆಲ್ಮೋಸ್ಟ್ ರೆಡಿ.

ನಿನ್ನ ಅಪ್ಪ,
ಮಾನಪ್ಪ


ಲಿಂಗಸುಗೂರು
5 ಏಪ್ರಿಲ್ 2025

ಅಪ್ಪಾ,

ನಾನು ಬರುವುದಿಲ್ಲ. ಟಾರ್ಗೆಟ್ ಇದ್ದರೂ ಬರುವುದಿಲ್ಲ. ಟಾರ್ಗೆಟ್ ನಾನು ಹೇಳಿದ ನೆಪ. ನಿನಗೆ ಅದು ಮೊದಲ ದಿನವೇ ಗೊತ್ತಿತ್ತು. ನಾನು ಬಂದು ಕುಳಿತ ಮೇಲೆ ಎಲೆ ಅಡಿಕೆ ಹಿಡಿದರೆ, ಆಗಲೂ ನೀನು ನೋಡೋಣ ಎನ್ನುತ್ತೀಯ.

ಹಾಸ್ಟೆಲ್ ಮುಚ್ಚಿದ ಮೇಲೆ ಗೆಳತಿ ಕೌಸರ್ ಮನೆಯಲ್ಲಿ ಇರುತ್ತೇನೆ. ಇಲ್ಲೇ ಲಿಂಗಸುಗೂರಿನಲ್ಲಿ. ಅವರ ಮನೆಯವರು ಒಪ್ಪಿದ್ದಾರೆ. ವಿಳಾಸ ಈ ಕಾಗದದ ಹಿಂಬದಿಗೆ ಬರೆದಿದ್ದೇನೆ. ಈಗಿನ ಮಟ್ಟಿಗೆ ಪತ್ರವೂ ಸಾಕು.

ಪ್ರಿಯಾಂಕಾ


ತುರ್ವಿಹಾಳ
22 ಏಪ್ರಿಲ್ 2025

ಪ್ರಿಯಾಂಕಾ,

ಪತ್ರ ಸಾಕು ಎಂದಿದ್ದೀಯ. ಇದೊಂದನ್ನು ಓದು. ಆಮೇಲೆ ನಿನ್ನಿಷ್ಟ.

ನಿನ್ನ ಪತ್ರ ಬಂದ ದಿನ ಯಮನೂರಿ ಚೀಲದ ಬಾಯಿ ಹೊಲಿಯಲು ಕುಳಿತಿದ್ದಳು. ನನ್ನ ಹೊಲಿಗೆ ನೋಡಿ ಅವಳಿಗೆ ತಡೆಯಲಾಗಲಿಲ್ಲ. ಕೌದಿ ಹೊಲಿದ ಕೈ, ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಸಣ್ಣಗೆ, ಸಾಲಾಗಿ ಹಾಕುತ್ತ ಹೋದಳು. ನಾನು ಎದುರಿಗೆ ಕುಳಿತು ಚೀಲದ ಬಾಯಿ ಹಿಡಿದಿದ್ದೆ. ಅಂಚೆಯವನು ಬಂದ. ಎದ್ದು, ಪತ್ರ ತೆಗೆದುಕೊಂಡು, ನಿಂತಲ್ಲೇ ಓದಿದೆ. ಓದಿದ ಮೇಲೆ ಏನು ನೋಡಿದೆನೋ ಏನು ಬಿಟ್ಟೆನೋ ನನಗೆ ತಿಳಿಯದು. ಅವಳು, 'ಮುಗೀತು, ಬಿಸಲು ಬಂತು, ಒಳಗ ಒಯ್ಯಿ' ಎಂದಳು. ಎತ್ತಿಕೊಂಡು ಹೋಗಿ ನಡುಮನೆಯಲ್ಲಿ ಇಟ್ಟೆ.

ಸಂಜೆ ಗದ್ದೆಮ್ಮ ಬಂದಳು.

'ಬಾಯಿ ಸಿಹಿ ಮಾಡಂಗಿಲ್ಲೇನು ಮಾನಪ್ಪಣ್ಣ?'

'ಯಾಕವ್ವ?'

'ಉಡಿ ಒಳಗ ಒಯ್ದೀ, ಯಾಕ ಅಂತೀ. ನಾ ಕಣ್ಣಾರೆ ನೋಡೀನಿ.'

ನಿನಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಮನೆತನದಲ್ಲಿ ಕೌದಿಯ ಕೊನೆಯ ಮೂಲೆಯನ್ನು ಬರಿದು ಮುಚ್ಚುವುದಿಲ್ಲ. ಒಂದು ಹಿಡಿ ಅಕ್ಕಿ ಹಾಕಿ ಹೊಲಿಯುತ್ತಾರೆ, ಅದರ ಹೊಟ್ಟೆಯೂ ತುಂಬಿರಲಿ ಎಂದು. ಆದರೆ ಗಂಡಿನ ತಾಯಿ ಹೆಣ್ಣಿನ ಮನೆಯ ಕಟ್ಟೆಯ ಮೇಲೆ ಕುಳಿತು ಹೊಲಿದು, ಅಕ್ಕಿಯ ಜೊತೆ ಅರಿಶಿನದ ಕೊಂಬು, ಉತ್ತತ್ತಿ ಇಟ್ಟು ಮೂಲೆ ಮುಚ್ಚಿದರೆ ಅದು ಸೊಸೆಗೆ ತುಂಬಿದ ಉಡಿ. ಹೆಣ್ಣಿನ ತಂದೆ ಅದನ್ನು ಎತ್ತಿ ಒಳಗೆ ಒಯ್ದರೆ ಮಾತು ಕೊಟ್ಟ ಹಾಗೆ. ನಿಮ್ಮಜ್ಜಿ ಈ ಮನೆಗೆ ಬಂದದ್ದು ಹೀಗೇ. ಬಾಣ ಹೊಡೆಯುವ ಚೀಲಕ್ಕೆ ಯಾರಾದರೂ ಉಡಿ ತುಂಬುತ್ತಾರೆಂದು ನನ್ನ ತಲೆಗೆ ಹೇಗೆ ಬರಬೇಕು. ಯಮನೂರಿಯ ಪಾಲಿಗೆ ಅದು ಮೋಸವೂ ಅಲ್ಲ. ಸೊಸೆಗೆಂದು ಒಂದು ವಸ್ತು ಹೊಲಿದಳು, ಹೊಲಿದ ಮೇಲೆ ಮಾಡಬೇಕಾದ್ದನ್ನು ಮಾಡಿದಳು. ನಾನು ಅವಳ ಎದುರಿಗೇ ಕುಳಿತಿದ್ದೆ, ನನ್ನ ಕೈಯಾರೆ ಒಳಗೆ ಒಯ್ದೆ.

ನಾಲ್ಕಾರು ದಿನ ಆ ಚೀಲ ನಡುಮನೆಯಲ್ಲಿ ಇತ್ತು. ಉಣ್ಣುವಾಗ ಅದರ ಎದುರಿಗೆ ಕೂರುವುದು. ಯಮನೂರಿ ಗೆಲುವಾಗಿದ್ದಳು, ಮೊಣಕಾಲಿನ ನೋವಿನ ಮಾತನ್ನೇ ಎತ್ತುತ್ತಿರಲಿಲ್ಲ. ಹುಲಿಗೇಶನಿಗೆ ಫೋನ್ ಹಚ್ಚಿ ಕೊಡು ಎಂದು ಎರಡು ಸಲ ಕೇಳಿದಳು. ನೆಟ್‌ವರ್ಕ್ ಇಲ್ಲ ಎಂದೆ.

ಮೊನ್ನೆ ಗುರುವಾರ ಬೆಳಿಗ್ಗೆ ಅವಳು ಅಂಗಳ ಸಾರಿಸುತ್ತಿದ್ದಾಗ ಚೀಲವನ್ನು ಕಟ್ಟೆಗೆ ತಂದೆ. ಕುಡುಗೋಲು ತಂದೆ. ಮೂಲೆ ಕೊಯ್ದೆ.

'ಏನ್ ಮಾಡಾಕತ್ತೀ ಅಣ್ಣಾ? ಹುಳ ಬಿದ್ದಾವೇನು?'

'ಉಡಿ ತಿರುಗಿ ಕೊಡಾಕತ್ತೀನಿ ಯಮನೂರಿ.'

ಅವಳು ಸೆಗಣಿ ಕೈಯಲ್ಲೇ ನಿಂತಳು. 'ನನ್ನ ಹುಲಿಗ್ಯಾನಗ ಏನ್ ಕಡಿಮಿ ಆಗ್ಯಾದ?'

'ಏನೂ ಆಗಿಲ್ಲ.'

'ಅಕಿ ಒಲ್ಲೆ ಅಂದಾಳೇನು?'

'ಅಕಿ ಅಲ್ಲ. ನಾ ಒಲ್ಲೆ ಅಂತೀನಿ.'

'ಇಷ್ಟು ದಿನ ನಿನಗ ರೊಟ್ಟಿ ಬಡದು ಹಾಕೀನಿ. ಆವಾಗ ಬಾಯಿ ಇರಲಿಲ್ಲೇನು?'

'ರೊಟ್ಟಿ ತಿನ್ನಾಕತ್ತಿದ್ದೆ' ಎಂದೆ. ಅದನ್ನು ಹಾಸ್ಯಕ್ಕೆ ಹೇಳಲಿಲ್ಲ.

ತಿರುಗಿ ಕೊಡುವ ಉಡಿಯನ್ನು ಸೆರಗಿನಲ್ಲಿ ಹಿಡಿಯಬೇಕು. ಅವಳು ಸೆರಗು ಒಡ್ಡಲಿಲ್ಲ. ತಟ್ಟೆಯಲ್ಲಿ ಹಾಕಿ ಕಟ್ಟೆಯ ಮೇಲೆ ಇಟ್ಟೆ. ಅವಳು ಕೈ ತೊಳೆದು, ತನ್ನ ಸೀರೆ ಎರಡು ಕೈಚೀಲಕ್ಕೆ ಹಾಕಿಕೊಂಡು, ಅರ್ಧ ಸಾರಿಸಿದ ಅಂಗಳ ದಾಟಿ ಬಸ್ಸಿಗೆ ಹೋದಳು. ಹಿಂದೆ ಹೋಗಿ ಕರೆದೆ. ತಿರುಗಲಿಲ್ಲ. ಬರುವಷ್ಟರಲ್ಲಿ ಗದ್ದೆಮ್ಮನ ಕೋಳಿಗಳು ಅಕ್ಕಿಗೆ ಕಟ್ಟೆ ಹತ್ತಿದ್ದವು. ಓಡಿಸುವ ಮನಸ್ಸಾಗಲಿಲ್ಲ.

ಅಷ್ಟು ಕುಟ್ಟಿ ತುಂಬಿದ ಬಟ್ಟೆ, ಒಂದು ಮೂಲೆ ಬಿಟ್ಟರೆ ಸಾಕು ಎಂದು ಕಾದಿತ್ತೇನೋ. ಸುತಳಿ ಒಂದೊಂದೇ ಹರಿದು, ಚಿಂದಿಯೆಲ್ಲ ಉಬ್ಬಿ ಹೊರಗೆ ಬಂತು. ಮತ್ತೆ ಒಳಗೆ ತುಂಬಲು ನೋಡಿದೆ, ಆಗಲಿಲ್ಲ. ಕಟ್ಟೆಯ ತುಂಬ ಹರಡಿಕೊಂಡಿದೆ. ಹಾಗಾಗಿ ಮನೆಯಲ್ಲಿ ಟಾರ್ಗೆಟ್ ಇಲ್ಲ.

ಇದನ್ನು ಬರೆದದ್ದು ನೀನು ಬರಲಿ ಎಂದಲ್ಲ. ಬರಲಿ ಎಂಬ ಆಸೆ ಇಲ್ಲವೆಂದರೆ ಸುಳ್ಳಾಗುತ್ತದೆ. ನೀನು ಕೇಳಿದ್ದಕ್ಕೆ ಉತ್ತರ ಬಾಕಿ ಇತ್ತು. ಯಮನೂರಿ ಫೋನ್ ಎತ್ತುತ್ತಿಲ್ಲ. ಎತ್ತಿದರೆ ಏನು ಹೇಳುವುದೋ ಗೊತ್ತಿಲ್ಲ, ಆದರೂ ದಿನಾ ಮಾಡುತ್ತೇನೆ.

ಅಪ್ಪ


ಲಿಂಗಸುಗೂರು
30 ಏಪ್ರಿಲ್ 2025

ಅಪ್ಪಾ,

ನಿನ್ನ ಪತ್ರ ಕೌಸರ್ ಮನೆಗೆ ಬಂತು. ನಿನ್ನೆ ಮಸ್ಕಿಯವರೆಗೆ ಹೋಗಿ, ಅಲ್ಲಿಂದ ಟಂಟಂ ಆಟೊ ಹಿಡಿದು ಪಾಮನಕಲ್ಲೂರಿಗೆ ಹೋಗಿದ್ದೆ. ನಿನಗೆ ಹೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ಅಥವಾ ನೋಡೋಣ ಎನ್ನುತ್ತಿದ್ದೆ.

ಅತ್ತೆ ಬಾಗಿಲಲ್ಲೇ ನಿಲ್ಲಿಸಿದಳು.

'ನಿಮ್ಮಪ್ಪ ಕಳಿಸ್ಯಾನೇನು?'

'ಇಲ್ಲತ್ತಿ. ನಾನ ಬಂದೀನಿ.'

'ಯಾಕ?'

'ಒಲ್ಲೆ ಅಂದದ್ದು ಅಪ್ಪ ಅಲ್ಲ, ನಾನು. ಅದನ್ನ ಹೇಳಾಕ ಬಂದೀನಿ.'

'ಗೊತ್ತದ' ಎಂದಳು. 'ಅವಗ ಒಲ್ಲೆ ಅನ್ನಾಕ ಎಲ್ಲಿ ಬರ್ತದ. ನಿಮ್ಮವ್ವ ಇದ್ದಾಗ ಅಕಿನ ಅಂತಿದ್ಲು, ಇಬ್ಬರ ಪಾಲಿಂದೂ.' ಆಮೇಲೆ ಸರಿದು ದಾರಿ ಬಿಟ್ಟಳು. ಊಟಕ್ಕೆ ಹಾಕಿದಳು. ಬಿಸಿಲಿಗೆ ಬಂದವಳು ಎಂದು ಮಜ್ಜಿಗೆ ಕೊಟ್ಟಳು. ಹುಲಿಗೇಶ ಹೊಲದಿಂದ ಬಂದು ನನ್ನನ್ನು ನೋಡಿ ಹೊರಗೇ ನಿಂತ. ಹೋಗುವಾಗ ಬಸ್ಸಿನವರೆಗೆ ಬೈಕಿನಲ್ಲಿ ಬಿಟ್ಟ. ಇಳಿದಾಗ, 'ಚಂದಾಗಿ ಆಡು' ಎಂದ. ಅವನ ಮುಖ ನೋಡಲು ನನಗೆ ಆಗಲಿಲ್ಲ.

ಅತ್ತೆ ನಿನಗೆ ಹೇಳು ಎಂದದ್ದು: ಇನ್ನು ತುರ್ವಿಹಾಳಕ್ಕೆ ಬರುವುದಿಲ್ಲವಂತೆ. ತಾನು ಹೊಲಿದದ್ದನ್ನು ತನ್ನ ಕಣ್ಣ ಮುಂದೆ ಕೊಯ್ದದ್ದನ್ನು ಮರೆಯುವುದಿಲ್ಲವಂತೆ. ಹೇಳು ಎಂದಿದ್ದಳು, ಹೇಳಿದ್ದೇನೆ. ನೀನು ಫೋನ್ ಮಾಡುವುದನ್ನು ಬಿಡಬೇಡ. ಅದು ಬಡಿದಾಗ ಅವಳು ಎತ್ತುವುದಿಲ್ಲ, ಆದರೆ ಕೆಲಸ ಬಿಟ್ಟು ಬಂದು ನೋಡುತ್ತಾಳೆ. ನಾನಿದ್ದಾಗಲೇ ಒಮ್ಮೆ ಬಡಿಯಿತು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಎಷ್ಟು ದಿನ ಇರುತ್ತೇನೆ ಎಂದು ಈಗಲೇ ಕೇಳಬೇಡ, ನನಗೇ ಗೊತ್ತಿಲ್ಲ. ಚಿಂದಿಯನ್ನು ಎಸೆಯಬೇಡ. ಹೊಲಿಯಲು ನನಗೂ ಬರುವುದಿಲ್ಲ, ನಿನಗೂ ಬರುವುದಿಲ್ಲ, ಬಾಣಕ್ಕೆ ಅದು ತಿಳಿಯುವುದಿಲ್ಲ. ಮಾವಿನಕಾಯಿ ತಂದಿಡು.

ಬಸ್‌ಸ್ಟ್ಯಾಂಡಿಗೆ ಬಾ. ಮನೆ ಮುಟ್ಟುವವರೆಗೆ ಏನೂ ಮಾತಾಡಬೇಡ. ನನ್ನ ಚೀಲ ಹಿಡಿದುಕೊ, ಸಾಕು. ನನಗೂ ದಣಿವಾಗಿದೆ.

ಪ್ರಿಯಾಂಕಾ


ತುರ್ವಿಹಾಳ
2 ಮೇ 2025

ಪ್ರಿಯಾಂಕಾ,

ಇದು ನಿನ್ನ ಕೈಸೇರುವ ಮೊದಲೇ ನೀನು ಇಲ್ಲಿರುತ್ತೀಯ. ಆದರೂ ಉತ್ತರ ಬಾಕಿ ಇಡಬಾರದು.

ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇನೆ.

ಅಪ್ಪ